ಹವಳದ ತೊಟ್ಟಿಯ ಮೂರು ಕಲ್ಲು

ಬನಹಟ್ಟಿಯ ಸೀರೆ ವ್ಯಾಪಾರಿ ಶಶಿಕಾಂತ ಸಮುದ್ರವನ್ನೇ ನೋಡದ ಮನುಷ್ಯ. ಆದರೂ ನೆಂಟರೆದುರು ಮೆರೆಯಲು ಹಾಲ್‌ನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದ, ಅದರಲ್ಲಿ ಜೀವಂತ ಹವಳ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

೨೦೦೯ರ ಬೇಸಿಗೆಯಲ್ಲಿ ಬೀಳಗಿ ಕಡೆ ಹಿನ್ನೀರು ಇಳಿದಾಗ, ಮುಳುಗಿದ ಊರೊಂದರಿಂದ ಮೂರು ಕಲ್ಲು ಹೊತ್ತು ತಂದ.

"ಏಳೆಂಟ ವರ್ಷ ನೀರಾಗ ಇದ್ದಾವು, ಮತ್ತೇನ ತಿಕ್ಕೂದು?" ಎಂದ ಈ ಪಂಡಿತ ಶಶಿಕಾಂತ.

ನಾನು ಕಲ್ಲಿನ ಬಣ್ಣ ಕಾಣುವವರೆಗೂ ಬ್ರಷ್‌ನಿಂದ ಉಜ್ಜಿದೆ. ಆಮೇಲೆ ತೊಟ್ಟಿಗಿಳಿಸಿ, ಮೀನು ನುಸುಳಲೆಂದು ಒಂದಕ್ಕೊಂದು ಒರಗಿಸಿ ಗುಹೆ ಕಟ್ಟಿದೆ. ಮರುದಿನ ಬೆಳಿಗ್ಗೆ ಮೂರೂ ಕೆಳಗಿಳಿದು, ಮುಖಕ್ಕೆ ಮುಖ ಕೊಟ್ಟು ಕೂತಿದ್ದವು. ಮತ್ತೆ ಕಟ್ಟಿದೆ. ಮತ್ತೆ ಹಾಗೇ.

"ಮೂರ ಕಲ್ಲ ಛಲೋತ್ನಂಗ ಇಡಾಕ ಬರಂಗಿಲ್ಲೇನಲೇ ನಿನಗ?" ಎಂದು ಶಶಿಕಾಂತ ಬೈದ.

ಮೂರನೆಯ ದಿನ ಹವಳ ಬಿಳಿಚಿಕೊಂಡು ಸಾಯತೊಡಗಿತು. ಥರ್ಮಾಮೀಟರ್ ತೊಟ್ಟಿಯ ಮೂಲೆಯಲ್ಲಿ ಇಪ್ಪತ್ತಾರು ತೋರಿಸಿತು, ಕಲ್ಲುಗಳ ನಡುವೆ ನಲವತ್ತು. ಒಳಗೆ ಹೀಟರ್ ಇರಲೇ ಇಲ್ಲ.

"ಬಿಸಲ ಭಾಳ ಐತಿ" ಎಂದ ಶಶಿಕಾಂತ, ಪರದೆ ಎಳೆದ, ಏಸಿ ಹಾಕಿದ ಹಾಲ್‌ನಲ್ಲಿ ನಿಂತು.

ನೆಲ ಒರೆಸುತ್ತಿದ್ದ ಹೊಳೆವ್ವ ತಲೆಯೆತ್ತಿದಳು. ಅವಳದೂ ಮುಳುಗಿದ ಊರೇ.

"ಒಲಿಗುಂಡ ಅದಾವ್ರೀ ಅವು, ಮೂರೂ ಕೂಡಿದ್ರ ಒಂದ ಒಲಿ. ಅವನ್ನ ಹಂಗ ಇಡೂದು."

ಶಶಿಕಾಂತ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ನಗುತ್ತಲೇ ಕಲ್ಲು ತೆಗೆಯಲು ನೀರಿಗೆ ಕೈ ಹಾಕಿದೆ.

ಹೊರಗೆ ತೆಗೆದಾಗ ಐದೂ ಬೆರಳಿಗೆ ಹಸಿ ಮಸಿ ಮೆತ್ತಿತ್ತು.