ನೀಲಿ ಗೋಡೆಯ ಒಂದೇ ಅಕ್ಷರ

ಘನತೆವೆತ್ತ ವಾಚಕ ಮಹಾಶಯರೇ, ಸಹೃದಯ ವಾಚಕಿಯರೇ! ಬೆರಳ ತುದಿಯಿಂದ ಪುಟ ಸರಿಸುವ ತಮ್ಮ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ವಿನಯಪೂರ್ವಕವಾಗಿ ಯಾಚಿಸುತ್ತಿದ್ದೇನೆ. ಈ ಕಥೆಯಲ್ಲಿ ಅರಮನೆಯಿಲ್ಲ, ಖಳನಾಯಕನೂ ಇಲ್ಲ. ಚಿಕ್ಕೋಡಿ ತಾಲೂಕಿನ ಕರೋಶಿಯ ಒಂದು ಮನೆ, ಆ ಮನೆಯ ಪಡಸಾಲೆಯ ಒಂದು ಗೋಡೆ, ಆ ಗೋಡೆಯ ಮೇಲೆ ಬರೆದ ಒಂದೇ ಒಂದು ಅಕ್ಷರ... ಎರಡು ಹೃದಯಗಳನ್ನು ಅಗಲಿಸಲು ಅಷ್ಟೇ ಸಾಕಾಗಿತ್ತು! ದಯಮಾಡಿ ಚಿತ್ತಗೊಟ್ಟು ಓದಬೇಕು.

2020ನೆಯ ಇಸವಿ. ಯುಗಾದಿಯ ಹಿಂದಿನ ದಿನದ ಮುಂಜಾನೆ.

ಹಬ್ಬಕ್ಕೆಂದು ನಿಪ್ಪಾಣಿಯಿಂದ ಅಜ್ಜಿಯ ಮನೆಗೆ ಬಂದ ರೂಪಾಲಿ ಹೊಸ್ತಿಲು ದಾಟುತ್ತಲೇ ಬೆಚ್ಚಿ ನಿಂತಳು. ಪಡಸಾಲೆಯಲ್ಲಿ ಏಣಿ. ಏಣಿಯ ತುದಿಯಲ್ಲಿ, ತೊಲೆಯ ಸಂದಿಗೆ ಕೈ ಹಾಕಿದ ಅಪರಿಚಿತ ತರುಣ!

'ಕಳ್ಳ! ಹಾಡಹಗಲೇ!'

ಅವಳು ಕೂಗಲಿಲ್ಲ, ಓಡಲೂ ಇಲ್ಲ. ಬ್ಯಾಗನ್ನು ಕೆಳಗಿಟ್ಟು, ಎರಡೂ ಕೈಗಳಿಂದ ಏಣಿಯನ್ನು ಹಿಡಿದು, ಸರಕ್ಕನೆ ಎಳೆದುಬಿಟ್ಟಳು!

"ಏ... ಏ! ನಿಚ್ಚಣಕಿ ಬಿಡ್ರಿ!" ತರುಣ ತೊಲೆಗೆ ಜೋತುಬಿದ್ದ.

"ಮೊದಲ ಹೆಸರ ಹೇಳು. ಆಮ್ಯಾಲ ನಿಚ್ಚಣಕಿ."

"ಮಲ್ಲೇಶ! ಅಥಣಿ ಕಡೆ ಸತ್ತಿ ಊರಾಂವ! ನಿಮ್ಮ ಮುಂದಿನ ಖೋಲ್ಯಾಗ ಬಾಡಿಗಿ ಅದೀನ್ರಿ... ಕೈ ಜಾರಾಕತ್ತೈತ್ರಿ ಬಾಯಾರ!"

"ಬಾಡಿಗಿ ಇದ್ದಾಂವಗ ತೊಲಿ ಮ್ಯಾಲ ಏನ ಕೆಲಸ?"

"ಸುಣ್ಣ ಹಚ್ಚಾಕತ್ತೀನ್ರಿ! ಜ್ಯಾಡರ ಬಲಿ ತಗಿಯಾಕತ್ತಿದ್ದೆ!"

ಅಡುಗೆಮನೆಯಿಂದ ಅಜ್ಜಿ ಶಿವಗಂಗವ್ವನ ಧ್ವನಿ ಬಂತು. "ಏ ರೂಪಾ, ಅಂವನ್ನ ಇಳಸ ಬೇ! ಅಂವ ಬಿದ್ದರ ಉಳದ ಗ್ವಾಡಿ ಯಾರ ಮುಗಸಾವ್ರು?"

ರೂಪಾಲಿ ಏಣಿಯನ್ನು ಮರಳಿ ಆನಿಸಿದಳು. ಇಳಿಯುವಾಗ ಅವನ ಕುಂಚದಿಂದ ಸುಣ್ಣದ ಒಂದು ಹನಿ ಅವಳ ಹುಬ್ಬಿನ ಮೇಲೆ ಬಿತ್ತು. ಒರೆಸಿಕೊಳ್ಳಬೇಕೆಂದು ಅವಳಿಗೆ ನೆನಪಾಗಲಿಲ್ಲ. ಹೇಳಬೇಕೆಂದು ಅವನಿಗೂ ತೋಚಲಿಲ್ಲ.

"ಕಳ್ಳರ ಹಂಗ ಕಾಣತೀನೇನ್ರಿ?" ಕಡೆಗೆ ಅವನೇ ಕೇಳಿದ.

"ಈಗ ಸುಣ್ಣ ಮೆತ್ತಿಕೊಂಡ ಕಳ್ಳರ ಹಂಗ ಕಾಣತೀರಿ!"

ಅಂದು ಸಂಜೆ ಕೊರೊನಾದ ಭಯಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಬಸ್ಸಿಲ್ಲ, ಅಂಗಡಿಯಿಲ್ಲ. ಎರಡು ದಿನಕ್ಕೆಂದು ಬಂದವಳು ಕರೋಶಿಯಲ್ಲೇ ಉಳಿದಳು. ಸುಟ್ಟುಹೋದ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಮಲ್ಲೇಶನ ರಸ್ತೆ ಬದಿಯ ಅಂಗಡಿಗೂ ಬೀಗ ಬಿತ್ತು.

ಕೆಲಸವಿಲ್ಲದೆ ಕೂರಲಾರದ ಇಬ್ಬರನ್ನು ಒಂದೇ ಸೂರಿನ ಕೆಳಗೆ ಕೂಡಿಹಾಕಿದರೆ ಮನೆಯ ಗತಿಯೇನು? ಶಿವಗಂಗವ್ವನನ್ನೇ ಕೇಳಬೇಕು!

ಮಲ್ಲೇಶ ಮಿಕ್ಸರ್ ರಿಪೇರಿ ಮಾಡಿದ. ಅದೆಷ್ಟು ಚೆನ್ನಾಗಿ ತಿರುಗಿತೆಂದರೆ, ಶೇಂಗಾ ಚಟ್ನಿ ಮೇಲಿನ ತೊಲೆಗೆ ಹೋಗಿ ಅಂಟಿತು.

"ಬೋರಿನ ಮೋಟಾರಿನ ತಂತಿ ಸುತ್ತಿ ಸುತ್ತಿ ಕೈಗಿ ಅದ ರೂಢಿ ಆಗೇತ್ರಿ..." ಅವನು ತಲೆ ಕೆರೆದುಕೊಂಡ.

"ಹಂಗಾರ ಈ ಮಿಕ್ಸರ್‍ಲೇ ಕಬ್ಬಿಗಿ ನೀರ ಹಾಯಸೋಣು!" ಎಂದಳು ರೂಪಾಲಿ.

ಅವಳೇನು ಕಡಿಮೆಯೇ? ಉಳಿದ ಗೋಡೆಗೆ ತಾನೇ ಸುಣ್ಣ ಕಲಸುತ್ತೇನೆಂದು ಹಟ ಹಿಡಿದಳು. ಬಿಳುಪು ಹೆಚ್ಚಲೆಂದು ಚಿಟಿಕೆಯಷ್ಟು ಹಾಕಬೇಕಾದ ನೀಲಿಯ ಪೊಟ್ಟಣವನ್ನು ಇಡಿಯಾಗಿ ಸುರಿದಳು! ಒಣಗಿದ ಮೇಲೆ ನೋಡಿದರೆ ಪಡಸಾಲೆಯ ದೊಡ್ಡ ಗೋಡೆ ಅಚ್ಚ ನೀಲಿ!

"ಇದೇನ್ ಬೇ, ಮನಿಯೋ ಪೊಲೀಸ್ ಠಾಣ್ಯೋ?" ಅಜ್ಜಿ ಹಣೆ ಚಚ್ಚಿಕೊಂಡಳು.

ಮತ್ತೆ ಬಳಿಯೋಣವೆಂದರೆ ಸುಣ್ಣವೇ ಉಳಿದಿರಲಿಲ್ಲ. ಉಳಿದದ್ದು ಒಂದೆರಡು ಗಟ್ಟಿ ತುಂಡು ಮಾತ್ರ. ರೂಪಾಲಿ ಸಪ್ಪಗಾದದ್ದನ್ನು ಕಂಡ ಮಲ್ಲೇಶ, ಆ ತುಂಡೊಂದನ್ನು ಎತ್ತಿ ನೀಲಿಯ ಮೇಲೆ ದೊಡ್ಡದಾಗಿ ಒಂದು ಶಬ್ದ ಬರೆದ.

"ಛಲೋ ಪಾಟಿ ಆತು ನೋಡ್ರಿ. ಓದ್ರಿ, ನೋಡೋಣು!"

ರೂಪಾಲಿಯ ಮುಖ ಕೆಂಪಾಯಿತು. ತವರಿನಿಂದ ತಾಯಿ ತಂದ ಕನ್ನಡ ಅವಳ ನಾಲಿಗೆಯ ಮೇಲಿತ್ತು. ಆದರೆ ಮನೆಯಲ್ಲಿ ತಂದೆಯ ಮರಾಠಿ, ಶಾಲೆಯಲ್ಲಿ ಮರಾಠಿ. ಕನ್ನಡದ ಒಂದಕ್ಷರವೂ ಅವಳಿಗೆ ಬಾರದು. ಈ ಊರಿಗೆ ಬರುವಾಗಲೆಲ್ಲ ಬಸ್ಸಿನ ಬೋರ್ಡನ್ನು ಯಾರ ಕೈಲಾದರೂ ಓದಿಸಿಕೊಳ್ಳುವುದು ಅವಳಿಗೆ ಚುಚ್ಚುವ ಅವಮಾನವಾಗಿತ್ತು.

"ನನಗ... ಓದಾಕ ಬರೂದಿಲ್ಲ."

ಅವನು ನಗಲಿಲ್ಲ. ಅದನ್ನು ಅವಳು ಮುಂದೆಂದೂ ಮರೆಯಲಿಲ್ಲ.

"ಹಬ್ಬದಾಗ ನಾಲ್ಕ ತಿಂದೀರೆಲಾ, ಅದ ಇದು. ಹೋ... ಳಿ... ಗೆ. ಬರ್ರಿ, ಕಲಿಸಿಕೊಡತೀನಿ."

ಹೀಗೆ ಅವಳ ಕನ್ನಡದ ಮೊದಲ ಅಕ್ಷರ 'ಹೋ' ಆಯಿತು!

ದಿನವೂ ಮಧ್ಯಾಹ್ನ ಅವನು ಬರೆಯುವುದು, ಅವಳು ತಿದ್ದುವುದು, ಒದ್ದೆ ಅರಿವೆಯಿಂದ ಒರೆಸುವುದು. ಏಪ್ರಿಲ್ ಕಳೆಯುವ ಹೊತ್ತಿಗೆ ಅವಳು ಓದತೊಡಗಿದಳು. ಆದರೆ ಔತ್ವ ಮಾತ್ರ ಅವಳಿಗೆ ಒಲಿಯಲೇ ಇಲ್ಲ. 'ಹೌದು' ಎಂದು ಬರೆಯಹೋದರೆ ಪ್ರತಿಸಲವೂ ಕೊಂಬು ದಿಕ್ಕುತಪ್ಪುತ್ತಿತ್ತು.

"ನೀವು ಹೌದು ಅನ್ನೂದ ಇಲ್ಲ ಬಿಡ್ರಿ!" ಅವನು ಕಾಡಿಸುತ್ತಿದ್ದ.

"ಕೇಳೂ ಮಾತ ಕೇಳಿದ್ರ ಅಂತೀನಿ!" ಅವಳು ಥಟ್ಟನೆ ಅನ್ನುತ್ತಿದ್ದಳು. ಅಂದಮೇಲೆ ಎದೆ ಯಾಕೆ ಹಾಗೆ ಬಡಿದುಕೊಳ್ಳುತ್ತಿತ್ತೋ...

ಒಂದು ದಿನ ಹಿತ್ತಲಿನ ನಳ ಕಿತ್ತು ನೀರು ಚಿಮ್ಮಿತು. ಅಜ್ಜಿ ಅಂಗೈಯಿಂದ ಪೈಪು ಒತ್ತಿಹಿಡಿದು ಕೂಗಿದಳು. ನಳ ಬಿಗಿಯುವ ಪಾನಾ ತರಲು ಓಡುತ್ತಿದ್ದ ಮಲ್ಲೇಶ ಪಡಸಾಲೆಗೆ ಕೇಳುವಂತೆ ಒದರಿದ. "ರೂಪಾಲಿ ಅವರ! ಆಯಿ ಕರಿಯಾಕತ್ತಾರ್ರಿ!"

ಈ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ರೂಪಾಲಿಯ ನಿಪ್ಪಾಣಿಯ ಮರಾಠಿಯಲ್ಲಿ ಆಯಿ ಎಂದರೆ ತಾಯಿ! ಅವಳು ಮೊಬೈಲ್ ಎತ್ತಿಕೊಂಡು ತಾಯಿಗೆ ಫೋನ್ ಹಚ್ಚಿ ಕುಳಿತುಬಿಟ್ಟಳು. "ಹೋ ಆಯಿ... ಹೋ... ಹೋ, ಜೇವಣ ಝಾಲಂ..." ಹೌದಮ್ಮ, ಹೌದು, ಊಟವಾಯಿತು ಎಂದು ಅರ್ಧ ತಾಸು ಮಾತು ಸಾಗಿತು. ಅಜ್ಜಿ ನೆತ್ತಿಯಿಂದ ಪಾದದವರೆಗೆ ತೊಯ್ದು ಬಂದು ಎದುರು ನಿಂತಳು.

"ಒಂದ ಶಬ್ದಕ್ಕ ಎರಡ ಗಂಡನ ಮನಿ! ನಡುವ ನನಗ ಜಳಕ!"

ಅಂದು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯನ್ನು, ಆ ಶಬ್ದಗಳನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಮೇ ತಿಂಗಳ ಕೊನೆ. ಮಹಾರಾಷ್ಟ್ರದ ಇಚಲಕರಂಜಿಯ ಕಾರ್ಖಾನೆಯೊಂದರಿಂದ ಮಲ್ಲೇಶನಿಗೆ ಕರೆ ಬಂತು. ಮಗ್ಗಗಳ ಮೋಟಾರುಗಳ ಕೆಲಸ, ಕಾಯಂ ನೌಕರಿ. ಗಡಿ ದಾಟುವ ಪಾಸ್ ಒಂದೇ ದಿನದ್ದು. ದಾಟಿದರೆ ಮರಳಿ ಬರುವುದು ಎಂದಿಗೋ ಯಾರೂ ಹೇಳಲಾರರು.

'ನಾನೇಕೆ ಇರು ಎನ್ನಬೇಕು? ಅವರಾಗಿ ಕೇಳಲಿ!' ರೂಪಾಲಿ ಹಿಟ್ಟು ನಾದುತ್ತ ಹಟ ಮಾಡಿದಳು. 'ಕೇಳದೆ ಹೋದರೆ?...' ಹಿಟ್ಟಿಗೆ ನೀರು ಹೆಚ್ಚಾಗಿ ಹೋಯಿತು.

ಹೊರಡುವ ದಿನದ ಮುಂಜಾನೆ ಮಲ್ಲೇಶ ಜ್ವರ ತಪಾಸಣೆಯ ಚೀಟಿಗಾಗಿ ಪಂಚಾಯಿತಿಗೆ ಹೋಗಿದ್ದ. ರೂಪಾಲಿ ಪಡಸಾಲೆಗೆ ಬಂದಳು. ನೀಲಿ ಗೋಡೆಯ ಮೇಲೆ ಹೊಸ ಸಾಲು! ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ನಾ... ನು... ಇ... ಲ್ಲೇ... ಉಳಿಯಲೇನು?"

ಕೇಳಿದ್ದಾನೆ! ಅಜ್ಜಿಯ ಚುರುಕು ಕಿವಿಗೆ ಬೀಳದಂತೆ, ತನಗೆ ಮಾತ್ರ ತಿಳಿಯುವಂತೆ ಕೇಳಿದ್ದಾನೆ!

ಸುಣ್ಣದ ತುಂಡೆತ್ತಿ 'ಹೌದು' ಎಂದು ಬರೆದಳು. ಕೊಂಬು ತಪ್ಪಿತು. ಅಂಗೈಯಿಂದ ಒರೆಸಿದಳು. ಮತ್ತೆ ಬರೆದಳು, ಮತ್ತೆ ತಪ್ಪು! 'ಛೇ, ಜೀವನದ ಇಂಥ ಮಾತನ್ನು ತಪ್ಪಾಗಿ ಬರೆಯಲೇ? ಅದನ್ನು ಓದಿ ಅವರು ನಗಬೇಕೇ?' ಒರೆಸಿದ ಬಿಳಿ ಕಲೆಯ ಎಡಕ್ಕೆ, ತಾಯಿಗೆ ದಿನಕ್ಕೆ ನೂರು ಸಲ ಅನ್ನುವ ಒಪ್ಪಿಗೆಯ ಮಾತನ್ನೇ, ತಾನು ಎಂದೂ ತಪ್ಪದ ತನ್ನ ಮೊದಲ ಅಕ್ಷರದಲ್ಲಿ ದುಂಡಗೆ ಬರೆದಳು.

"ಹೋ."

ಬರೆದು, ಜಳಕ ಮಾಡಿ ಹಸಿರು ಚೂಡಿದಾರ ತೊಡಬೇಕೆಂದು ಹಿತ್ತಲಿಗೆ ಓಡಿದಳು.

ಮಲ್ಲೇಶ ಬಂದ. ನೋಡಿದ.

ಅವನಿಗೆ ಮರಾಠಿ ತಿಳಿಯದೆಂದಲ್ಲ. ಆದರೆ ಎರಡು ತಿಂಗಳು ಆ ಗೋಡೆಯ ಮೇಲೆ ಮೂಡಿದ್ದು ಕನ್ನಡವೊಂದೇ. ಅದೂ ಅಲ್ಲದೆ, ಭಯಪಡುವ ಮನಸ್ಸು ತಾನು ಭಯಪಟ್ಟದ್ದನ್ನೇ ಓದುತ್ತದೆ. 'ಹೋ' ಎಂಬ ಅಕ್ಷರ... ಅದರ ಮುಂದೆಯೇ ಒರೆಸಿದ ಗುರುತು...

'ಹೋಗ್ರಿ ಎಂದು ಬರೆದಿದ್ದಾಳೆ! ನನ್ನ ಮೇಲಿನ ಮರುಕಕ್ಕೆ ಅರ್ಧ ಅಳಿಸಿದ್ದಾಳೆ!'

ಬಾಗಿಲಲ್ಲಿ ಇಚಲಕರಂಜಿಗೆ ಹೊರಟ ರಾವಸಾಹೇಬನ ಟೆಂಪೋ ಹಾರ್ನ್ ಹೊಡೆಯಿತು. ಮಲ್ಲೇಶ ಬ್ಯಾಗು ಎತ್ತಿಕೊಂಡು ಖೋಲಿಯ ಕೀಲಿಯನ್ನು ಅಜ್ಜಿಯ ಕೈಗಿತ್ತ.

"ಹುಡುಗಿಗಿ ಒಂದ ಮಾತ ಹೇಳಿ ಹೋಗೋ ತಮ್ಮಾ."

"ಕೇಳೂದ ಆಗೇತಿ ಆಯಿ. ಆಕಿ ಬರದ ಹೇಳ್ಯಾಳ. ಬರತೀನಿ."

ಒದ್ದೆ ಕೂದಲಿನೊಂದಿಗೆ ಪಡಸಾಲೆಗೆ ಬಂದ ರೂಪಾಲಿ ಕಂಡದ್ದು ಖಾಲಿ ಖೋಲಿ.

"ಹೋದ್ರಾ?" ಅಜ್ಜಿಯ ಕಡೆ ತಿರುಗಿದಳು. "ಇರಲೇನು ಅಂತ ತಾವ ಕೇಳಿ... ನಾ ಉತ್ತರ ಕೊಟ್ಟ ಮ್ಯಾಲ... ಹೋದ್ರಾ? ನಂದ ತಪ್ಪಾತು ಆಜಿ! ಒಪ್ಪಬಾರದಿತ್ತು!"

"ನೀ ಬರದ ಹೇಳೀಯಂತಲಾ? ಏನ ಬರದಿ?"

"ಹೋ ಅಂತ ಬರದೆ!"

ಓದು ಬಾರದ ಶಿವಗಂಗವ್ವ ಕಣ್ಣು ಕಿರಿದು ಮಾಡಿದಳು. "ಹೋ ಅಂದ್ರ? ಹೋಗು ಅಂತನಾ?"

"ಹೋಗು ಅಂತ ಅಲ್ಲ! ಹೋ! ಆಯಿಗಿ ಅಂತೀನೆಲಾ, ಹೋ..."

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು, ಅಜ್ಜಿ ಮೊಮ್ಮಗಳ ಮುಖ ನೋಡಿದಳು.

"ಅಯ್ಯ ಶಿವನ! ಒಂದ ಶಬ್ದಕ್ಕ ಎರಡ ಗಂಡನ ಮನಿ!" ಅಜ್ಜಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ನಿಂತೀಯಾಕ ಬೇ? ಓಡ! ಅಂವ ಹೋದ್ರ ನಿನ್ನ ಮನೀನ ಹೋದಂಗ!"

ರೂಪಾಲಿ ಓಡಿದಳು! ಗೋಡೆಯ ಬುಡದಲ್ಲಿದ್ದ ಸುಣ್ಣದ ತುಂಡು ಈಗ ಅವಳ ಮುಷ್ಟಿಯಲ್ಲಿತ್ತು.

ಊರಿನ ಅಂಚಿನಲ್ಲಿ ರಸ್ತೆಗೆ ಜಾಲಿ ಮುಳ್ಳು ಹಚ್ಚಿ, ಹೋಗುವವರ ಹೆಸರು ಬರೆದುಕೊಳ್ಳುತ್ತಿದ್ದರು. ಟೆಂಪೋ ಸಾಲಿನಲ್ಲಿ ನಿಂತಿತ್ತು. ಹಿಂದಿನ ಹಲಗೆಗೆ ಬೆನ್ನು ಕೊಟ್ಟು ಮಲ್ಲೇಶ ತಲೆ ತಗ್ಗಿಸಿ ಕುಳಿತಿದ್ದ.

"ಮಾಸ್ಕ ಎಲ್ಲಿ ಬೇ?" ಆಶಾ ಕಾರ್ಯಕರ್ತೆ ಕಾಂಚನ ಅಡ್ಡ ಬಂದು, ಜ್ವರ ಅಳೆಯುವ ಯಂತ್ರವನ್ನು ಹಣೆಗೆ ಹಿಡಿದಳು. ಅಂಕಿ ನೋಡಿ, ಟೆಂಪೋದ ಕಡೆ ನೋಡಿ, ಕಣ್ಣಲ್ಲೇ ನಕ್ಕಳು. "ಜ್ವರ ಇಲ್ಲ. ಓಡಿ ಬಂದ ಬಿಸಿ ಐತಿ. ಹೋಗ, ಓಢಣಿ ಕಟ್ಟಿಕೊಂಡ ಹೋಗ."

"ಮಾಸ್ತರ! ಇಳೀರಿ ಕೆಳಗ!" ರೂಪಾಲಿಯ ಕೂಗಿಗೆ ಸಾಲೆಲ್ಲ ತಿರುಗಿತು.

ಮಲ್ಲೇಶ ಎದ್ದು ನಿಂತ. "ಹೋಗ ಅಂತ ಬರದಾಕಿ ನೀವ..."

"ನಾ ಎಲ್ಲಿ ಬರದೆ? ಹೋ ಅಂತ ಬರದೆ! ನಿಪ್ಪಾಣ್ಯಾಗ ಹೋ ಅಂದ್ರ ಏನು? ನೀ ಏನ ಕಿವುಡ ಏನ? ಎರಡ ತಿಂಗಳ ನಮ್ಮ ಆಯಿ ಕೂಡ ನಾ ಫೋನ್‍ದಾಗ ಏನ ಅಂತಿದ್ದೆ?"

ಅವನ ತುಟಿ ಮೆಲ್ಲಗೆ ಅಲುಗಿತು. "ಹೋ... ಹೋ ಆಯಿ... ಹೋ..."

ಅರ್ಥವಾಯಿತು. ಸುಟ್ಟುಹೋದ ಮೋಟಾರಿಗೆ ಮರಳಿ ಕರೆಂಟು ಹರಿದಂತೆ ಅವನ ಮುಖ ಬೆಳಗಿತು!

"ಮತ್ತ... ಅಳಿಸಿದ್ದು?"

"ನಿನ್ನ ಸುಡಗಾಡ ಔತ್ವ!"

ಟೆಂಪೋದಿಂದ ಬ್ಯಾಗು ಮೊದಲು ಕೆಳಗೆ ಬಿತ್ತು, ಆಮೇಲೆ ಮಲ್ಲೇಶ ಹಾರಿದ.

"ಏನಪಾ, ಪಾಸ್ ಒಂದ ದಿನದ್ದ ಐತಿ! ಬರತಿಯೋ ಇಲ್ಲೋ?" ರಾವಸಾಹೇಬ ಒದರಿದ.

"ಇಲ್ಲಣ್ಣಾ. ಇಲ್ಲೂ ಬ್ಯಾಸಗಿ ಐತಿ, ಇಲ್ಲೂ ಮೋಟಾರ್ ಸುಡತಾವು. ನನ್ನ ಅಂಗಡಿ ನಾನ ತೆಗಿತೀನಿ!"

ರೂಪಾಲಿ ಸುಣ್ಣದ ತುಂಡನ್ನು ಹಿಡಿದು, ಟೆಂಪೋದ ಹಿಂಬದಿಯ ಹಲಗೆಯ ಮೇಲೆ, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಂತೆಯೇ, ತುಟಿ ಕಚ್ಚಿಕೊಂಡು ಬರೆದಳು. ಕೊಂಬು ಮೇಲೆ ಹೋಯಿತು, ಬಳುಕಿತು, ನಿಂತಿತು.

'ಹೌದು.'

"ತಪ್ಪೈತೇನ ನೋಡ."

ಅವನು ಬಹಳ ಹೊತ್ತು ನೋಡಿದ. ಕಣ್ಣು ಮಂಜಾಗಿ ಅಕ್ಷರವೇ ಕಾಣುತ್ತಿರಲಿಲ್ಲ.

"ಸರಿ ಐತಿ."

"ಸುಳ್ಳ ಹೇಳಬ್ಯಾಡ."

"ಸ್ವಲ್ಪ ಡೊಂಕ ಐತಿ... ಇರಲಿ ಬಿಡ."

"ಮನಿಗಿ ನಡಿ. ಗ್ವಾಡಿ ಮ್ಯಾಲ ತಿದ್ದತೀನಿ."

ಟೆಂಪೋ ಆ ಒಂದು ಶಬ್ದವನ್ನು ಹೊತ್ತುಕೊಂಡು ಗಡಿಯ ಕಡೆಗೆ ಹೋಯಿತು. ಅವರಿಬ್ಬರು ಊರಿನ ಕಡೆಗೆ ನಡೆದರು.

ವಾಚಕರೇ, ಮುಂದಿನ ಖೋಲಿ ಈಗ ತಿರುಗಾಡಿಗಳಿಗೆ ಬಾಡಿಗೆಗೆ ಸಿಗುತ್ತದೆ. ಮಲ್ಲೇಶ ಅಳಿಯನಾಗಿ ಒಳಮನೆ ಸೇರಿದ್ದಾನೆ. ಹದಿನೈದು ದಿನ ನಾನು ಇಲ್ಲಿದ್ದೆ. ನೀಲಿ ಗೋಡೆಗೆ ಇನ್ನೂ ಯಾರೂ ಸುಣ್ಣ ಬಳಿದಿಲ್ಲ, ಬಳಿಯಲು ಶಿವಗಂಗವ್ವ ಬಿಡುವುದೂ ಇಲ್ಲ. ಎರಡು ಅಂಗಿ, ರಟ್ಟು ಹರಿದ ನಾಲ್ಕು ಕಾದಂಬರಿ, ಈ ಕಥೆಯ ಹಾಳೆಗಳು... ನನ್ನ ಚೀಲ ತುಂಬಿತು. ಅಥಣಿಯ ಬಸ್ಸಿಗೆ ಹೊತ್ತಾಯಿತು.

ಹೊಸ್ತಿಲಲ್ಲಿ ನಿಂತು ಕೇಳಿದೆ. "ಬಾಯಾರ, ನಾ ಹೊಂಡಲೇನ್ರಿ?"

ಒಳಗಿನಿಂದ, ಮಿಕ್ಸರಿನ ಭೋರ್ಗರೆತವನ್ನೂ ಮೀರಿ, ರೂಪಾಲಿಯ ಉತ್ತರ ಬಂತು. "ಹೋ!"

ಯಾವ ಭಾಷೆಯಲ್ಲಿ ಅಂದಳೆಂದು ನಾನು ಕೇಳಲಿಲ್ಲ. ಈ ಸಲ ಎರಡರಲ್ಲೂ ಅರ್ಥ ಒಂದೇ. ಚೀಲ ಹೆಗಲಿಗೇರಿಸಿ ಹೊರಟೆ.