ಅರ್ಧ ಸುತ್ತು ಸಡಿಲಾದ ಬೋಲ್ಟು

ಬೆಳಿಗ್ಗೆ ವ್ಯಾನಿನ ಕೆಳಗೆ ಮತ್ತೆ ಹಸಿರು ನೀರು ಕಂಡಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಹೊಲಿದಿಟ್ಟ ಪರದೆಗಳನ್ನೆಲ್ಲ ಸಂಜೆಯೊಳಗೆ ಮನೆಮನೆಗೆ ಮುಟ್ಟಿಸಬೇಕು. ಆದರೆ ಎದೆಯೊಳಗೆ ಏನೋ ಹಗುರವಾಗಿ ಹಾರಿತು. ಎಂಜಿನ್ ತಣಿಸುವ ಕೂಲಂಟ್ ಸೋರಿದ್ದಕ್ಕೆ ಖುಷಿಪಡುವ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡು ನಾಚಿದಳು.

"ಇವತ್ತು ಗ್ಯಾರೇಜಿಗೆ ನಾನೂ ಬರ್ತೀನಿ ಕಣೇ," ಎಂದು ಅತ್ತೆ ಚಪ್ಪಲಿ ಮೆಟ್ಟಿದರು.

ಆ ವ್ಯಾನು ಮೊದಲು ಅತ್ತೆಯದೇ. ಅಂಗಡಿ ಅಂಗಡಿಗೆ ಬ್ರೆಡ್ ಹಾಕಿ ಒಬ್ಬನೇ ಮಗನನ್ನು ಸಾಕಿದವರು. ಆ ಮಗ ತೀರಿಕೊಂಡ ಮೇಲೆ ಕೀಲಿಕೈಯನ್ನು ಸೊಸೆಗೆ ಕೊಟ್ಟು, ಮತ್ತೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅತ್ತೆಗೆ ಸೊಸೆ, ಸೊಸೆಗೆ ಅತ್ತೆ.

ಹೋದ ವಾರವಷ್ಟೇ ಗ್ಯಾರೇಜಿನ ಮೇಸ್ತ್ರಿ ಸೋರುತ್ತಿದ್ದ ಹಳೇ ಥರ್ಮೋಸ್ಟ್ಯಾಟ್ ತೆಗೆದು ಹೊಸದು ಕೂರಿಸಿದ್ದ. ಅದರ ಮೇಲಿನ ಮುಚ್ಚಳದ ಸಂದಿನಿಂದ ನೀರು ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಇಷ್ಟು ಹಳೇ ಗಾಡಿಗೆ ಕೈಯಲ್ಲೇ ಕತ್ತರಿಸಬೇಕು," ಎಂದು ದಪ್ಪ ಕಾಗದದ ಮೇಲೆ ಒದ್ದಾಡುತ್ತಿದ್ದವನನ್ನು ನೋಡಲಾಗದೆ ಅವಳು ಚೀಲದಿಂದ ತನ್ನ ಕತ್ತರಿ ತೆಗೆದಿದ್ದಳು. ಅವನು ಕಾಗದ ಒತ್ತಿ ಹಿಡಿದಿದ್ದ. ಅವಳ ಕತ್ತರಿ ಅವನ ಹೆಬ್ಬೆರಳನ್ನು ಬಳಸಿಕೊಂಡು ಮೆಲ್ಲಗೆ ತಿರುಗಿತ್ತು.

"ಬೆರಳು ಜೋಪಾನ."

"ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದಿದೆ."

ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಅವಳು ಹೊರಡುವಾಗ ಅವನು ಕೈ ಒರೆಸಿಕೊಳ್ಳುತ್ತ ಕೇಳಿದ್ದ: "ಇನ್ಮೇಲೆ ನಿಮಗಿಲ್ಲಿ ಕೆಲಸ ಇರಲ್ಲ. ಕೆಲಸ ಇಲ್ಲದೆ ಬರ್ತೀರಾ ಅಂದ್ರೆ ತಪ್ಪಾಗುತ್ತಾ?"

"ಮನೇಲಿ ಅತ್ತೆ ಒಬ್ಬರೇ," ಎಂದು ಅವಳು ಗಾಡಿ ತಿರುಗಿಸಿದ್ದಳು. ಅವನು ಕೇಳಿದ್ದು ಇಡೀ ವಾರ ಹೊಲಿಗೆಯ ನಡುವೆಯೂ ಕಾಡಿತ್ತು. ಮಗನನ್ನು ಕಳೆದುಕೊಂಡವರಿಗೆ, ನಾನೂ ಇನ್ನೊಬ್ಬರ ಕಡೆ ನೋಡುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು?

ಈಗ ಗ್ಯಾರೇಜು ತಲುಪಿದರೂ ಅತ್ತೆ ವ್ಯಾನಿನಲ್ಲೇ ಕೂತಿದ್ದರು. ಮೇಸ್ತ್ರಿ ಎಂಜಿನ್ ಆರಲು ಬಿಟ್ಟು, ಬಾನೆಟ್ ಎತ್ತಿ ಬಗ್ಗಿದ.

"ಎಲ್ಲಾ ನಿಮ್ಮ ಕತ್ತರಿ ಮಹಿಮೆ."

"ನನ್ನ ಕತ್ತರಿ ಸುದ್ದಿಗೆ ಬರಬೇಡಿ. ನಿಮ್ಮ ಕೈಗುಣ ನೋಡ್ಕೊಳ್ಳಿ."

ಅವನು ನಕ್ಕ. ಮತ್ತೆ ಬಗ್ಗಿ ನೋಡಿದ. ತಲೆ ಎತ್ತಿದಾಗ ತುಟಿಯ ಅಂಚಿನಲ್ಲಿ ಬೇರೆಯದೇ ನಗು.

"ಬೋಲ್ಟ್ ಬಿಗಿ ಮಾಡಿದ ಮೇಲೆ ನಾನು ಬೋಲ್ಟಿಂದ ಮುಚ್ಚಳಕ್ಕೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೀತೀನಿ. ಆ ಗೆರೆ ಈಗ ಕೂಡ್ತಾ ಇಲ್ಲ. ಇದು ತಾನಾಗೇ ತಿರುಗಿದ್ದಲ್ಲ, ಯಾರೋ ತಿರುಗಿಸಿದ್ದಾರೆ." ದನಿ ತಗ್ಗಿಸಿದ. "ಬರಬೇಕು ಅನ್ನಿಸಿದ್ರೆ ಸುಮ್ನೆ ಬರಬಹುದಿತ್ತಲ್ಲ?"

ಅವಳ ಕಿವಿ ಬಿಸಿಯಾಯಿತು. "ಏನಂದ್ರಿ? ನಾನು..." ಬೋಲ್ಟ್ ತಿರುಗಿಸಿದವಳು ಅವಳಲ್ಲ. ಆದರೆ ಬರಬೇಕೆಂಬ ಆಸೆ ಅವಳದೇ.

"ಅವಳನ್ಯಾಕೆ ಗೋಳು ಹೊಯ್ಕೊಳ್ತೀಯಪ್ಪಾ?" ಸೀಟಿನಿಂದ ಅತ್ತೆಯ ದನಿ ಬಂತು. "ಸಡಿಲ ಮಾಡಿದ್ದು ನಾನು. ಅರ್ಧ ಸುತ್ತು, ಅಷ್ಟೇ. ಜಾಸ್ತಿ ಮಾಡಿದ್ರೆ ಗಾಡಿ ಇಲ್ಲಿವರೆಗೂ ಬರ್ತಿರ್ಲಿಲ್ಲ!"

"ಅತ್ತೆ! ನೀವಾ?"

"ಇನ್ಯಾರು? ಇಲ್ಲಿಂದ ಬಂದ ದಿನ ನಿನ್ನ ಕೆನ್ನೆ ಮೇಲೆ ಗ್ರೀಸ್ ಇತ್ತು. ಮಲಗೋವರೆಗೂ ಒರೆಸ್ಕೊಳ್ಲಿಲ್ಲ ನೀನು. ಮಾರನೇ ದಿನದಿಂದ ಪರದೆ ಎಲ್ಲಾ ಉಲ್ಟಾ ಹೊಲಿದು ಬಿಚ್ಚಿದ್ದೇ ಬಿಚ್ಚಿದ್ದು. ನನ್ನ ನೆಪ ಹೇಳಿ ಬಂದಿರ್ತೀಯ, ಗೊತ್ತಿಲ್ವಾ ನಂಗೆ?"

ಮೇಸ್ತ್ರಿ ಸಣ್ಣಗೆ ಕೆಮ್ಮಿದ.

"ನೋಡಿದ್ಯಾ? ಹೇಳೇ ಬಂದಿದೀಯ." ಅತ್ತೆಯ ದನಿ ಮೆತ್ತಗಾಯಿತು. "ನನ್ನ ಮಗನಿಗೋಸ್ಕರ ಅತ್ತಿದ್ದು ಸಾಕು ಕಣೇ. ಇನ್ನು ನನಗೋಸ್ಕರ ಬೇರೆ ಒಣಗಬೇಡ."

ಅವಳಿಗೆ ಕಣ್ಣು ತುಂಬಿ ಬಂತು. ನೆನೆದ ಗ್ಯಾಸ್ಕೆಟ್ಟಿನ ಬದಲು ಇನ್ನೊಂದನ್ನು ತಲೆ ಎತ್ತದೆ ಕತ್ತರಿಸಿದಳು.

ಎಲ್ಲ ಬಿಗಿಯಾಗಿ, ನೀರು ತುಂಬಿದ ಮೇಲೆ ಅತ್ತೆ ಡ್ರೈವರ್ ಸೀಟಿಗೆ ಬಂದು ಎಂಜಿನ್ ಶುರು ಮಾಡಿದರು. ಪೈಪುಗಳೊಳಗೆ ಸಿಕ್ಕಿದ ಗಾಳಿ ಹೊರಬರಲೆಂದು ಹೀಟರ್ ಪೂರ್ತಿ ತಿರುಗಿಸಿದರು. ಎತ್ತಿದ ಬಾನೆಟ್ಟಿನ ಈಚೆ ಅವರಿಬ್ಬರೇ.

"ಈ ಪೈಪ್ ಮೇಲೆ ಕೈಯಿಡಿ. ತಣ್ಣಗಿದೆ ಅಲ್ವಾ? ಎಂಜಿನ್ ಕಾದಾಗ ಥರ್ಮೋಸ್ಟ್ಯಾಟ್ ತೆರ್ಕೊಳ್ಳುತ್ತೆ, ಆಗ ಬಿಸಿನೀರು ಇಲ್ಲಿಗೆ ಬರುತ್ತೆ."

"ಎಷ್ಟು ಹೊತ್ತು?"

"ಅವಸರ ಮಾಡಿದ್ರೆ ಆಗಲ್ಲ."

ಎತ್ತರದ ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಎಂಜಿನ್ನಿನ ನಡುಕ ಅವಳ ಅಂಗೈಯಿಂದ ಮೊಣಕೈವರೆಗೆ ಏರಿತು. ಪಕ್ಕದಲ್ಲೇ ಅವನ ಕೈ. ನಡುವೆ ಒಂದು ಬೆರಳಿನಷ್ಟು ಜಾಗ. ಅವನು ಅವಳನ್ನು ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಡುತ್ತಿದ್ದಾನೆಂದು ಅವನ ರೆಪ್ಪೆಗಳೇ ಹೇಳುತ್ತಿದ್ದವು. ಹೊರಗೆ ರಸ್ತೆಯಿದೆ, ಜನರಿದ್ದಾರೆ ಎಂಬುದೇ ಅವಳಿಗೆ ಮರೆತುಹೋಯಿತು.

ಅಂಗೈ ಕೆಳಗೆ ಬೆಚ್ಚನೆಯದೇನೋ ಹರಿದು ಬಂತು.

"ಬಂತು," ಎಂದಳು, ಉಸಿರಿನಲ್ಲೇ.

"ಹೂಂ. ತೆಗೀರಿ, ಸುಡುತ್ತೆ." ಅವಳ ಕೈಯನ್ನು ಅವನೇ ಎತ್ತಿದ. ಎತ್ತಿದವನು ಬಿಡಲಿಲ್ಲ.

ಹಾರ್ನ್ ಕಿರುಚಿತು. "ಆಯ್ತೇನ್ರೋ? ನಾನಿಲ್ಲಿ ಬೆಂದು ಹೋಗ್ತಿದೀನಿ!"

ಗಡಬಡಿಸಿ ಬಾನೆಟ್ ಇಳಿಸಿದರು. ಅತ್ತೆ ಸೀಟಿನಿಂದ ಇಳಿಯಲೇ ಇಲ್ಲ. "ಪರದೆ ನಾನೇ ಕೊಟ್ಟು ಬರ್ತೀನಿ. ಗಾಡಿ ಟೆಸ್ಟ್ ಮಾಡಿದ ಹಾಗೂ ಆಯ್ತು."

"ಅತ್ತೆ, ನೀವು ಗಾಡಿ ಓಡಿಸಿ ಎಷ್ಟು ವರ್ಷ ಆಯ್ತು!"

"ಅದಕ್ಕೇ ಕಣೇ," ಎಂದು ಅತ್ತೆ ಸರಾಗವಾಗಿ ರಿವರ್ಸ್ ತೆಗೆದು ಹೊರಟೇಹೋದರು.

ಗ್ಯಾರೇಜು ಒಮ್ಮೆಲೇ ವಿಶಾಲವಾಯಿತು.

"ಈಗ ಅತ್ತೆನೂ ಇಲ್ಲ, ಗಾಡಿನೂ ಇಲ್ಲ," ಎಂದ ಅವನು. "ಇನ್ನೇನು ನೆಪ ಹೇಳ್ತೀರಿ?"

"ನೆಪ ಎಲ್ಲಾ ಮುಗೀತು. ಇನ್ನು ಉಳಿದಿರೋದು ನಾನೇ."

ಅವನು ಅರಿವೆಯಿಂದ ಬೆಂಚು ಒರೆಸಿದ. "ಕೂತ್ಕೊಳ್ಳಿ," ಎಂದ. ಅಲ್ಲಿದ್ದದ್ದು ಒಂದೇ ಸಣ್ಣ ಬೆಂಚು. ಅವಳು ಕೂತಳು, ಆಮೇಲೆ ಅವನಿಗೆಷ್ಟು ಜಾಗ ಬೇಕೋ ಅಷ್ಟು ಸರಿದಳು.