ಬೆನ್ನು ತೋರಿಸದ ಊರು

ಬಲು ಹಿಂದಿನ ಮಾತು. ಏಳು ಹೊಳೆ ದಾಟಿದರೆ ಸಿಗುತ್ತಿದ್ದ ಹೊಂಗರೆ ಎಂಬ ರಾಜ್ಯದಲ್ಲಿ ಯಾರೂ ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಇನ್ನೊಬ್ಬರ ಮನೆಗೆ ಹೋದವರು ಹೊರಡುವಾಗ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಹೊಸ್ತಿಲು ದಾಟುತ್ತಿದ್ದರು. ಕೂತರೆ ಗೋಡೆಗೆ ಒರಗಿಯೇ ಕೂರಬೇಕು. ಬಾವಿಯಲ್ಲಿ ನೀರು ಸೇದುವವಳ ಕಣ್ಣು ಕೊಡದ ಮೇಲಿರದೆ ಪಕ್ಕದವಳ ಕೈ ಮೇಲಿರುತ್ತಿತ್ತು. ಎಣ್ಣೆಸ್ನಾನದ ದಿನ ಹೆಂಗಸರು ತಮ್ಮ ಬೆನ್ನು ತಾವೇ ಉಜ್ಜಿಕೊಳ್ಳಲು ಹೋಗಿ ತೋಳು ಉಳುಕಿಸಿಕೊಳ್ಳುತ್ತಿದ್ದರು. ನಗಬೇಡಿ. ಹಾಗಾಗಿದ್ದಕ್ಕೆ ಕಾರಣವಿತ್ತು.

ಹೊಂಗರೆಯಲ್ಲಿ ಎರಡು ಕೇರಿ, ಮೇಲ್ಕೇರಿ ಮತ್ತು ಕೆಳಕೇರಿ. ರಾಜ ಸತ್ತ ಮೇಲೆ ಅವನ ಇಬ್ಬರು ಮಕ್ಕಳು ಪಟ್ಟಕ್ಕಾಗಿ ಹೊಡೆದಾಡಿದರು. ಮೇಲ್ಕೇರಿ ದೊಡ್ಡವನ ಹಿಂದೆ ಹೋಯಿತು, ಕೆಳಕೇರಿ ಚಿಕ್ಕವನ ಹಿಂದೆ. ಕಡೆಗೆ ದೊಡ್ಡವನೂ ಉಳಿಯಲಿಲ್ಲ, ಚಿಕ್ಕವನೂ ಉಳಿಯಲಿಲ್ಲ, ಎರಡೂ ಕೇರಿಯ ಗಂಡಸರಲ್ಲಿ ಮುಕ್ಕಾಲು ಪಾಲು ಮಣ್ಣುಪಾಲಾದರು. ಉಳಿದದ್ದು ಕೆಲವು ಗಂಡಸರು, ಹೆಂಗಸರು, ಮಕ್ಕಳು, ಮತ್ತೆ ನಂಜುಗಣ್ಣ ಎಂಬ ಮಾಂತ್ರಿಕ. ಯುದ್ಧದಲ್ಲಿ ಇವನು ಎರಡೂ ಕಡೆಗೆ ಮಾಟ ಮಾಡಿಕೊಟ್ಟವನು. ಖಾಲಿಯಾದ ಸಿಂಹಾಸನವನ್ನು ಹೊತ್ತುಕೊಂಡು ಹೋಗಿ ತಿರುವುಗುಡ್ಡದ ನೆತ್ತಿಯಲ್ಲಿ ಬಂಡೆಗೆ ಒತ್ತಿಟ್ಟು ಕೂತ. ಗುಡ್ಡಕ್ಕೆ ಒಂದು ಮಾಯೆ ಕಟ್ಟಿದ. ಗುಡ್ಡದ ಮೇಲೆ ಯಾರೇ ಆಗಲಿ, ಹೆಗಲ ಮೇಲಿಂದ ಹಿಂತಿರುಗಿ ನೋಡಿದರೆ ನಿಂತಲ್ಲೇ ಕಲ್ಲಾಗಬೇಕು.

ಅವನ ಡಂಗುರದವರು ತಿಂಗಳಿಗೊಮ್ಮೆ ಒಂದು ಓಲೆ ಹಿಡಿದು ಬರುತ್ತಿದ್ದರು. ಕೆಳಕೇರಿಯವರು ನಿಮ್ಮ ಬೆನ್ನಿಗೆ ಚೂರಿ ಮಸೆಯುತ್ತಿದ್ದಾರೆ ಎಂದು ಮೇಲ್ಕೇರಿಯಲ್ಲಿ ಓದುತ್ತಿದ್ದರು. ಅದೇ ಓಲೆಯನ್ನು ಕೆಳಕೇರಿಗೆ ಒಯ್ದು ಮೇಲ್ಕೇರಿಯವರು ಮಸೆಯುತ್ತಿದ್ದಾರೆ ಎನ್ನುತ್ತಿದ್ದರು. ಆಮೇಲೆ ಅದನ್ನು ಚಾವಡಿಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದರು. ಅಕ್ಷರ ಬಲ್ಲವರೆಲ್ಲ ಯುದ್ಧದಲ್ಲಿ ಸತ್ತಿದ್ದರು. ಕೇಳುವವರಾರು?

ಮೇಲ್ಕೇರಿಯಲ್ಲಿ ಕೆಂಚಾಜಿ ಎಂಬ ಹುಡುಗಿಯಿದ್ದಳು. ಅಪ್ಪ, ಅಮ್ಮ ಇಲ್ಲ. ಅಣ್ಣ ಯುದ್ಧದಲ್ಲಿ ಬೆನ್ನಿಗೆ ಈಟಿ ತಿಂದು ಸತ್ತ. ಉಳಿದವಳು ತಂಗಿ ಸಂಪಗಿ, ಎಂಟು ವರ್ಷದ ಕೂಸು. ಒಂದು ದಿನ ಮೇಕೆಮರಿಯೊಂದು ತಪ್ಪಿಸಿಕೊಂಡು ತಿರುವುಗುಡ್ಡಕ್ಕೆ ಓಡಿತು, ಸಂಪಗಿ ಅದರ ಹಿಂದೆ ಓಡಿದಳು. ಕೆಂಚಾಜಿ ಗುಡ್ಡದ ಬುಡಕ್ಕೆ ಬಂದು ನಿಂತಳು, ಬಾಯಿ ತೆರೆಯಲಿಲ್ಲ. ಆದರೆ ಕೆಂಚಾಜಿಯದೇ ದನಿಯಲ್ಲಿ ಯಾರೋ "ಸಂಪಗೀ" ಎಂದು ಕರೆದರು. ಮಗು ಹಿಂತಿರುಗಿ ನೋಡಿತು. ಅಷ್ಟೇ. ಒಂದು ಕೈ ಮೇಲೆತ್ತಿಕೊಂಡು ಕಲ್ಲಾಗಿ ನಿಂತುಬಿಟ್ಟಿತು.

ಆ ಹೊತ್ತಿಗೆ ಅಲ್ಲಿದ್ದವಳು ಇನ್ನೊಬ್ಬಳೇ, ಕೆಳಕೇರಿಯಲ್ಲಿ ಮೇಕೆ ಕಾಯುವ ದುಗ್ಗಳೆ. ಕರೆದವಳು ಇವಳೇ ಇರಬೇಕು ಎಂದು ಕೆಂಚಾಜಿಯ ಮನಸ್ಸಿನೊಳಗೆ ಅನುಮಾನ ಹೊಕ್ಕಿತು. ಹೊಕ್ಕಿದ್ದು ನಾಲ್ಕು ವರ್ಷ ಹೊರಗೆ ಬರಲಿಲ್ಲ.

ಹೀಗಿರುವಾಗ ಎಲ್ಲಿಂದಲೋ ಒಬ್ಬ ಮುದುಕಿ ಬಂದಳು. ಹೆಸರು ಓಜವ್ವ. ಎರಡು ಕೇರಿಯ ನಡುವೆ ಪಾಳುಬಿದ್ದಿದ್ದ ಕಣವನ್ನು ಗುಡಿಸಿ, ಎರಡು ಕಡೆ ಎರಡು ಕಂಬ ನೆಟ್ಟು, ಎರಡೂ ಕೇರಿಯ ಹೆಣ್ಣುಮಕ್ಕಳು ಬನ್ನಿ, ಆಟ ಕಲಿಸುತ್ತೇನೆ, ಅಕ್ಷರ ಕಲಿಸುತ್ತೇನೆ, ಆಮೇಲೆ ಒಂದೊಂದು ಲೋಟ ರಾಗಿಗಂಜಿ ಕೊಡುತ್ತೇನೆ ಎಂದು ಸಾರಿದಳು. ಕೇಳಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಪುಕ್ಕಟೆ ಗಂಜಿ ಕೊಡಲು ಇವಳಿಗೇನು ಗ್ರಹಚಾರ? ಮಾಂತ್ರಿಕನ ಕಡೆಯವಳೇ ಇರಬೇಕು ಎಂದಿತು ಮೇಲ್ಕೇರಿ. ಮೇಲ್ಕೇರಿಯವರೇ ಕರೆಸಿದ್ದಾರೆ ಎಂದಿತು ಕೆಳಕೇರಿ. ಕೆಂಚಾಜಿ ಮೂರು ದಿನ ಕಣದ ಬೇಲಿಯಾಚೆ ಅಡಗಿ ಕೂತು ಮುದುಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮುದುಕಿ ಗಂಜಿಗೆ ಏನಾದರೂ ಬೆರೆಸುವಾಗ ಸಿಕ್ಕಿಬೀಳುತ್ತಾಳೆ ಎಂದು ಅವಳ ಲೆಕ್ಕ. ಮುದುಕಿ ಉಪ್ಪು ಬೆರೆಸಿದಳು, ಮಜ್ಜಿಗೆ ಬೆರೆಸಿದಳು. ಮೂರನೆಯ ದಿನ ಬೇಲಿಯ ಕಡೆ ನೋಡದೆಯೇ ಅಂದಳು: "ಮಗಳೇ, ನನ್ನ ಮೇಲೆ ಕಣ್ಣಿಡಬೇಕೆಂದರೆ ಒಳಗೆ ಬಂದು ಇಡು. ಅಲ್ಲಿ ಇರುವೆ ಕಚ್ಚುತ್ತದೆ."

ಕೆಂಚಾಜಿ ಒಳಗೆ ಬಂದದ್ದು ಆಟ ಆಡಲು ಅಲ್ಲ, ಗುಟ್ಟು ಹಿಡಿಯಲು. ಅವಳಂತೆಯೇ ಅನುಮಾನ ಹೊತ್ತುಕೊಂಡು ಎರಡೂ ಕೇರಿಯಿಂದ ಎಂಟೊಂಬತ್ತು ಹೆಂಗಸರು ಬಂದಿದ್ದರು. ಅವರಲ್ಲಿ ದುಗ್ಗಳೆಯೂ ಒಬ್ಬಳು.

ಆಟ ನಮ್ಮ ನಿಮ್ಮ ಖೋಖೋ. ಸಾಲಾಗಿ ಕುಕ್ಕರುಗಾಲಲ್ಲಿ ಕೂರಬೇಕು, ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಅಟ್ಟಿಸಿಕೊಂಡು ಹೋಗುವವಳು ಹಿಂದಿನಿಂದ ಬಂದು ಬೆನ್ನು ತಟ್ಟಿ ಖೋ ಅಂದರೆ ತಟಕ್ಕನೆ ಎದ್ದು ಓಡಬೇಕು. ಹೊಂಗರೆಯ ಹೆಂಗಸರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಬೆನ್ನು ಕೊಟ್ಟು ಕೂರಬೇಕಂತೆ, ಅದೂ ಆ ಕೇರಿಯವಳಿಗೆ. ಮೊದಲ ದಿನ ಯಾರೂ ಓಡಲೇ ಇಲ್ಲ. ಬೆನ್ನ ಹಿಂದೆ ಕಾಲಸಪ್ಪಳ ಕೇಳಿದೊಡನೆ ಎಲ್ಲರೂ ಕತ್ತು ತಿರುಗಿಸಿದರು. ಓಜವ್ವ, ತಪ್ಪು, ಮೊದಲಿಂದ, ಎಂದಳು. ಎರಡನೆಯ ದಿನ ತಪ್ಪು. ಮೂರನೆಯ ದಿನವೂ ತಪ್ಪು. ಕೆಂಚಾಜಿಯಂತೂ ದುಗ್ಗಳೆ ಹಿಂದೆ ಬಂದಾಗಲೆಲ್ಲ ಹಾವು ಕಂಡವಳ ಹಾಗೆ ತಿರುಗುತ್ತಿದ್ದಳು. ದುಗ್ಗಳೆ ಏನೂ ಅನ್ನದೆ ಮತ್ತೆ ಹೋಗಿ ಕಂಬದಿಂದ ಓಡಿ ಬರುತ್ತಿದ್ದಳು. ಅವಳು ಸುಮ್ಮನಿದ್ದದ್ದೂ ಕೆಂಚಾಜಿಗೆ ಗುಮಾನಿಯೇ.

ಅಕ್ಷರಾಭ್ಯಾಸವೂ ಬೆನ್ನ ಮೇಲೆಯೇ. ಒಬ್ಬಳು ಮುಂದೆ ಕೂರಬೇಕು, ಹಿಂದಿನವಳು ಬೆರಳಲ್ಲಿ ಅವಳ ಬೆನ್ನ ಮೇಲೆ ಅಕ್ಷರ ಬರೆಯಬೇಕು, ಮುಂದಿನವಳು ಅದನ್ನೇ ಮರಳಲ್ಲಿ ತಿದ್ದಬೇಕು. ಮೊದಮೊದಲು ಕಚಗುಳಿಯಾಗಿ ಎಲ್ಲರೂ ಕಿಸಕ್ಕನೆ ನಕ್ಕರು. ವರ್ಷಗಟ್ಟಲೆ ಯಾರ ಕೈಯೂ ಮುಟ್ಟದ ಬೆನ್ನುಗಳು, ಒಂದಿಬ್ಬರಿಗೆ ಅಳುವೂ ಬಂತು. ಮಳೆಗಾಲ ಹೋಗಿ ಚಳಿ ಬರುವಷ್ಟರಲ್ಲಿ ಅವರ ಬೆನ್ನಿಗೇ ಓದು ಬಂದಿತ್ತು. ಬರೆಯುತ್ತಿರುವ ಬೆರಳು ಯಾರದೆಂದು ನೋಡದೆಯೇ ಹೇಳುತ್ತಿದ್ದರು.

ಓದು ಬಂದದ್ದೇ ತಡ, ಕೆಂಚಾಜಿ ಮಾಡಿದ ಮೊದಲ ಕೆಲಸ ಚಾವಡಿಯ ಕಂಬದ ಓಲೆಯನ್ನು ಬಿಚ್ಚಿ ನೋಡಿದ್ದು. ಅದರಲ್ಲಿ ಅಕ್ಷರವೇ ಇರಲಿಲ್ಲ! ಕೋಳಿ ಕೆರೆದ ಹಾಗೆ ಬರೀ ಗೀರು. ಹಳೆಯ ಓಲೆಗಳಲ್ಲೂ ಅಷ್ಟೇ. ನಂಜುಗಣ್ಣನಿಗೆ ಮಂತ್ರವೆಲ್ಲ ಬಾಯಿಪಾಠ, ಬರೆಯಲು ಬಾರದು. ಇಷ್ಟು ವರ್ಷ ಎರಡೂ ಕೇರಿಯವರು ಈ ಗೀರುಗಳನ್ನು ನಂಬಿ ಒಬ್ಬರಿಗೊಬ್ಬರು ಹೆದರಿ ಸತ್ತಿದ್ದರು. ಕೆಂಚಾಜಿಗೆ ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಇನ್ನೊಂದು ನೆನಪಾಯಿತು. ನಂಜುಗಣ್ಣ ವರ್ಷಕ್ಕೊಮ್ಮೆ ಊರಿಗೆ ಬರುವಾಗ ಅವನ ಪಲ್ಲಕ್ಕಿಗೆ ಹಿಂದೆ ತಾಮ್ರದ ಹಲಗೆ ಇರುತ್ತಿತ್ತು. ಊರವರು ಅದನ್ನು ದೊಡ್ಡಸ್ತಿಕೆ ಅಂದುಕೊಂಡಿದ್ದರು. ಅನುಮಾನದಲ್ಲೇ ಬೆಳೆದವಳು ಕೆಂಚಾಜಿ, ಅವಳಿಗೆ ತಟ್ಟನೆ ಹೊಳೆಯಿತು. ಬಂಡೆಗೆ ಒರಗಿದ ಸಿಂಹಾಸನ, ಹಲಗೆ ಹೊಡೆದ ಪಲ್ಲಕ್ಕಿ, ಈ ಮನುಷ್ಯನಿಗೂ ಬೆನ್ನಿನ ಭಯ. ಅಂದರೆ ಅವನು ಕಟ್ಟಿದ ಮಾಯೆ ಅವನನ್ನೂ ಬಿಡುವುದಿಲ್ಲ. ಮಾಡಿದವನ ಮೇಲೇ ಮಾಟ ತಿರುಗಿದರೆ ಕಟ್ಟೆಲ್ಲ ಬಿಚ್ಚಿಹೋಗುತ್ತದೆ ಎಂಬುದು ಹೊಂಗರೆಯ ಚಿಕ್ಕ ಮಕ್ಕಳಿಗೂ ಗೊತ್ತು.

ಗುಡ್ಡ ಹತ್ತುತ್ತೇನೆ, ತಂಗಿಯನ್ನು ತರುತ್ತೇನೆ ಎಂದಳು. ಆಟದ ಹೆಂಗಸರೆಲ್ಲ ಹೊರಟರು. ಒಬ್ಬೊಬ್ಬರಿಗೂ ಆ ಗುಡ್ಡದಲ್ಲಿ ತಮ್ಮವರದೊಂದು ಕಲ್ಲಿತ್ತು. ಓಜವ್ವ ಮಾತ್ರ ಬರಲಿಲ್ಲ. ಕೆಂಚಾಜಿಗೆ ಮತ್ತೆ ಸಂಶಯ. ಕೇಳಿಯೇಬಿಟ್ಟಳು, ನೀವು ಯಾಕೆ ಬರುವುದಿಲ್ಲ, ನಿಮ್ಮನ್ನು ಇಲ್ಲಿಗೆ ಕಳಿಸಿದವರು ಯಾರು ಎಂದು.

"ನಮ್ಮೂರಲ್ಲೂ ಒಂದು ಯುದ್ಧ ಆಗಿತ್ತು ಮಗಳೇ," ಅಂದಳು ಓಜವ್ವ. "ನಿಮಗೆ ಕಲಿಸಿದೆ. ಹಿಂತಿರುಗಿ ನೋಡುವ ಚಾಳಿ ನನಗೇ ಇನ್ನೂ ಬಿಟ್ಟಿಲ್ಲ."

ಗುಡ್ಡದಲ್ಲಿ ಯಾವ ದನಿಯನ್ನೂ ನಂಬಬಾರದು, ಹೇಳುವುದಿದ್ದರೆ ಬೆನ್ನ ಮೇಲೆ ಬರೆಯಬೇಕು ಎಂದು ಮಾತಾಯಿತು. ಒಬ್ಬಳ ಬೆನ್ನ ಮೇಲೆ ಒಬ್ಬಳು ಅಂಗೈಯಿಟ್ಟು ಸಾಲಾಗಿ ನಡೆಯಬೇಕು. ಕೆಂಚಾಜಿ ಎಲ್ಲರಿಗಿಂತ ಮುಂದೆ. ಅವಳ ಹಿಂದೆ ಯಾರೂ ಕರೆಯದಿದ್ದರೂ ದುಗ್ಗಳೆ ಬಂದು ನಿಂತಳು. ಇವಳೇ ಯಾಕೆ, ಎಂದುಕೊಂಡಳು ಕೆಂಚಾಜಿ. ಕೇಳುವ ಹೊತ್ತು ಮೀರಿತ್ತು.

ಮೊದಲ ತಿರುವಿನಲ್ಲಿ ಹಿಂದಿನಿಂದ ಕತ್ತೆಕಿರುಬದ ಉಸಿರು ಕೇಳಿತು. ಬಿಸಿ ಉಸಿರು ಹಿಮ್ಮಡಿಗೆ ತಾಗಿತು, ಹಲ್ಲು ಕಟಕಟ ಅಂದಿತು. ಸಾಲು ನಡುಗಿತು. ದುಗ್ಗಳೆಯ ಬೆರಳು ಕೆಂಚಾಜಿಯ ಬೆನ್ನ ಮೇಲೆ "ಇಲ್ಲ" ಎಂದು ಬರೆಯಿತು. ಯಾರೂ ತಿರುಗಲಿಲ್ಲ, ಕಿರುಬ ಗಾಳಿಯಾಗಿ ಹೋಯಿತು.

ಎರಡನೆಯ ತಿರುವಿನಲ್ಲಿ ಸತ್ತವರು, ಕಳೆದುಹೋದವರು ಕರೆದರು. ಕೆಂಚಾಜಿಗೆ ಸಂಪಗಿಯ ದನಿ ಕೇಳಿತು. ಅಕ್ಕಾ, ದಾಟಿ ಹೋದೆ, ನಾನು ಇಲ್ಲೇ ಹಿಂದೆ ಇದ್ದೀನಿ, ಎಂದು ಮಗು ಬಿಕ್ಕಿತು. ಕೆಂಚಾಜಿ ಕಣ್ಣು ಮುಚ್ಚಿ ಹೆಜ್ಜೆ ಮುಂದಿಟ್ಟಳು. ಹಿಂದೆ ಸಾಲಿನಲ್ಲಿ ಹೊನ್ನಿ ಎಂಬವಳನ್ನು ಅವಳ ಮಗ ಕರೆದ. ತಾಯಿ ಹೇಗೆ ತಡೆದಾಳು? ತಿರುಗಿದಳು, ಕಲ್ಲಾದಳು. ಅವಳ ಹಿಂದಿದ್ದವಳು ಅಳುತ್ತಲೇ ಕಲ್ಲನ್ನು ಬಳಸಿ ಬಂದು ಮುಂದಿನವಳ ಬೆನ್ನಿಗೆ ಕೈಯಿಟ್ಟಳು.

ಮೂರನೆಯ ತಿರುವಿನಲ್ಲಿ ಎಲ್ಲ ನಿಶ್ಶಬ್ದ. ಆಮೇಲೆ ದುಗ್ಗಳೆಯ ದನಿ, ಕಿವಿಯ ಹತ್ತಿರವೇ.

"ನಿನ್ನಣ್ಣನ ಬೆನ್ನಿಗೆ ಈಟಿ ಹಾಕಿದವನು ನನ್ನಣ್ಣ. ಈಗ ನಿನ್ನ ಬೆನ್ನೂ ನನ್ನ ಕೈಯಲ್ಲಿದೆ."

ಕೆಂಚಾಜಿಯ ಕಾಲು ಅಲ್ಲೇ ಕಚ್ಚಿಕೊಂಡಿತು. ಸುಳ್ಳು, ಮಾಂತ್ರಿಕನ ಆಟ, ಎಂದುಕೊಂಡಳು. ಆದರೂ ಕೇಳದೆ ಇರಲಾರಳು. ಮುಂದೆಯೇ ನೋಡುತ್ತ ಕೇಳಿದಳು: "ದುಗ್ಗಳೆ, ನಿಜವೇನೇ?"

ಬೆನ್ನ ಮೇಲೆ ಬೆರಳು ಬರೆಯಿತು. ಹೌದು.

ಆಗ ಕೆಂಚಾಜಿಗೆ ತಿರುಗಬೇಕೆನಿಸಿತು. ಭಯಕ್ಕಲ್ಲ, ಸಿಟ್ಟಿಗೆ. ತಿರುಗಿ ಆ ಮುಖವನ್ನು ಪರಚಿಹಾಕಬೇಕು ಎನ್ನುವಷ್ಟು ಸಿಟ್ಟು. ಆದರೆ ಆ ಬೆರಳು ತನಗೆ ಚೆನ್ನಾಗಿ ಗೊತ್ತಿದ್ದ ಬೆರಳು. ಇಲ್ಲ ಎಂದು ಬರೆಯುವುದು ಇವಳಿಗೆ ಎಷ್ಟು ಸುಲಭವಿತ್ತು! ಬರೆದಿದ್ದರೆ ನಾನು ನಂಬುತ್ತಿದ್ದೆ. ನಾಲ್ಕು ವರ್ಷದಲ್ಲಿ ಈ ಊರಲ್ಲಿ ನನಗೆ ನಿಜ ಹೇಳಿದವಳು ಇವಳೊಬ್ಬಳೇ ಎಂದುಕೊಂಡಾಗ ಕೆಂಚಾಜಿಯ ಕಣ್ಣಲ್ಲಿ ನೀರು ದಳದಳನೆ ಇಳಿಯಿತು. ಬೆರಳು ಇನ್ನೊಂದು ಮಾತು ಬರೆಯಿತು. ನಡೆ.

ಕೆಂಚಾಜಿ ನಡೆದಳು.

ನೆತ್ತಿಯ ಅಂಗಳಕ್ಕೆ ಅದುವರೆಗೆ ಊರವರು ಯಾರೂ ಮುಟ್ಟಿರಲಿಲ್ಲ. ಸಿಂಹಾಸನದಲ್ಲಿ ಬಂಡೆಗೆ ಒರಗಿ ಕೂತಿದ್ದ ನಂಜುಗಣ್ಣ ಬೆನ್ನನ್ನು ಇನ್ನಷ್ಟು ಹಿಂದಕ್ಕೆ ಒತ್ತಿಕೊಂಡ. ಅವನ ವಿದ್ಯೆಯೆಲ್ಲ ಬೆನ್ನ ಹಿಂದಿನದು, ಎದುರಿಗೆ ಬಂದವರನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹೆಂಗಸರು ಮಾತಿಲ್ಲದೆ ಅಂಗಳದುದ್ದಕ್ಕೂ ಸಾಲಾಗಿ ಕುಕ್ಕರಿಸಿದರು, ಒಬ್ಬಳ ಮುಖ ಈ ಕಡೆ, ಒಬ್ಬಳದು ಆ ಕಡೆ. ದುಗ್ಗಳೆ ಎದ್ದು ನೇರ ಅವನ ಮೇಲೆ ನುಗ್ಗಿದಳು. ಅವನು ಸಿಂಹಾಸನ ಬಿಟ್ಟು ಅಂಗಳದ ಹೆಬ್ಬಾಗಿಲ ಕಡೆಗೆ ಓಟ ಕಿತ್ತ. ಈಚೆ ತಪ್ಪಿಸಿಕೊಂಡರೆ ಖೋ, ಆಚೆ ಒಬ್ಬಳು ಎದ್ದಳು. ಆಚೆ ನುಸುಳಿದರೆ ಖೋ, ಈಚೆ ಇನ್ನೊಬ್ಬಳು ಎದ್ದಳು. ಅವನ ಬೆನ್ನು ಬಂಡೆಯಿಂದ ದೂರ, ಬಯಲಲ್ಲಿತ್ತು. ಓಟ ಮತ್ತೆ ದುಗ್ಗಳೆಯ ಕೈಗೆ ಬಂತು. ಕಡೆಗೆ ಅವನು ಕೆಂಚಾಜಿಯ ಎದುರಿಗೇ ದಾಟಿ ಓಡಿದ. ಅದೇ ಗಳಿಗೆಗೆ ಅವಳ ಬೆನ್ನಿಗೆ ಅಂಗೈಯೊಂದು ಬಿತ್ತು. ಯಾರ ಕೈ ಎಂದು ನೋಡಬೇಕಿರಲಿಲ್ಲ. ಚಿಮ್ಮಿ ಎದ್ದು ನಾಲ್ಕೇ ಹೆಜ್ಜೆಗೆ ಅವನನ್ನು ಹಿಡಿದು, ಬೆನ್ನಿಗೆ ರಪ್ಪನೆ ತಟ್ಟಿ ಕೂಗಿದಳು: "ಖೋ!"

ರಾಜ್ಯಕ್ಕೆಲ್ಲ ಅನುಮಾನ ಹಂಚಿದವನಲ್ಲವೇ, ತಡೆಯಲಾದೀತೇ? ನಂಜುಗಣ್ಣ ಹಿಂತಿರುಗಿ ನೋಡಿದ. ನೋಡಿದ್ದೇ ಕಲ್ಲಾದ.

ಗುಡ್ಡದ ತುಂಬ ಕಲ್ಲುಗಳು ಮೈಮುರಿದು ಎದ್ದವು. ಹೊನ್ನಿ ಎದ್ದಳು, ಹೊನ್ನಿಯ ಮಗ ಎದ್ದ. ಕೆಂಚಾಜಿ ಬಿದ್ದು ಎದ್ದು ಗುಡ್ಡ ಇಳಿದು ಓಡಿದಳು. ಸಂಪಗಿ ಎತ್ತಿದ ಕೈ ಕೆಳಗಿಳಿಸಿ, ಹಿಂತಿರುಗುವುದನ್ನು ಪೂರ್ತಿ ಮಾಡಿ, ಅಕ್ಕನ ಮುಖ ನೋಡಿ ಕೇಳಿದಳು: "ಏನಕ್ಕಾ, ಕರೆದೆಯಾ?"

"ಹೂಂ ಕಣೆ," ಅಂದಳು ಕೆಂಚಾಜಿ, "ಕರೆದೆ."

ಕಲ್ಲಾದ ನಂಜುಗಣ್ಣನನ್ನು ಹೆಂಗಸರು ಉರುಳಿಸಿಕೊಂಡು ಬಂದು ಕಣದಲ್ಲಿ ಒಂದು ಕಡೆಯ ಕಂಬವಾಗಿ ನೆಟ್ಟರು. ಊರಿನ ಹುಡುಗಿಯರೆಲ್ಲ ದಿನಾ ಅವನನ್ನು ಸುತ್ತಿ ಓಡತೊಡಗಿದರು. ಚಾವಡಿಯ ಓಲೆಗಳನ್ನು ಅಲ್ಲಿಂದ ಮುಂದೆ ಹೆಂಗಸರೇ ಬರೆದರು, ಎರಡೂ ಕೇರಿಯಲ್ಲಿ ಒಂದೇ ಥರ ಓದಿದರು. ಓಜವ್ವ ಒಂದು ಬೆಳಿಗ್ಗೆ ಬೇರೆ ಯಾವುದೋ ಊರಿಗೆ ಹೊರಟಳು. ಊರ ಗಡಿಯಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಏನೂ ಆಗಲಿಲ್ಲ.

ಕೆಂಚಾಜಿ ಮತ್ತು ದುಗ್ಗಳೆ ಮಾತ್ರ ಬಹಳ ದಿನ ಮಾತಾಡಲಿಲ್ಲ. ಮುಂದಿನ ಎಣ್ಣೆಸ್ನಾನದ ದಿನ ಕೆಂಚಾಜಿ ಸೀಗೆಪುಡಿಯ ಬಟ್ಟಲು ಹಿಡಿದು ಕೆಳಕೇರಿಗೆ ಹೋದಳು. ದುಗ್ಗಳೆಯ ಬಚ್ಚಲಲ್ಲಿ ಬಟ್ಟಲನ್ನು ಅವಳ ಕೈಗೆ ಕೊಟ್ಟು, ತಿರುಗಿ ಕೂತು, "ಉಜ್ಜು" ಅಂದಳು.

ದುಗ್ಗಳೆ ಉಜ್ಜಿದಳು. ಅಂದಿನಿಂದ ಹೊಂಗರೆಯವರ ಬೆನ್ನು ಶುಭ್ರವಾಗಿತ್ತು, ಮನಸ್ಸು ಹಗುರವಾಗಿತ್ತು. ಅವರು ಅಲ್ಲಿ ಸುಖವಾಗಿದ್ದರು, ಕತೆ ಕೇಳಿದ ನೀವು ಇಲ್ಲಿ ಸುಖವಾಗಿರಿ.